ಹೊಸ ಆವೃತ್ತಿ ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ

ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ ನಮಸ್ಕಾರ.

ಹಾಲಿನ ಲೆಕ್ಕಕ್ಕೆ, ಚೀಟಿಗೆ, ಬಟವಾಡೆ ಪಟ್ಟಿಗೆ ನೀವು ಬಳಸುವ ನಮ್ಮ ತಂತ್ರಾಂಶದ ಹೊಸ ಆವೃತ್ತಿ ಇದುವರೆಗೆ ತಿಂಗಳಿಗೊಮ್ಮೆ ಬರುತ್ತಿತ್ತು. ಇನ್ನು ಮೂರು ತಿಂಗಳಿಗೊಮ್ಮೆ ಬರುತ್ತದೆ. ಒಪ್ಪಂದದಲ್ಲಿದ್ದ ‘ಶೇ 99.9ರಷ್ಟು ಹೊತ್ತು ಚಾಲ್ತಿಯಲ್ಲಿರುತ್ತದೆ’ ಎಂಬ ಮಾತನ್ನೂ ತೆಗೆಯುತ್ತಿದ್ದೇವೆ. ನಮ್ಮ ಹೊರೆ ಇಳಿಸಿಕೊಳ್ಳಲು ಹೀಗೆ ಮಾಡಿದೆವೆಂದು ಯಾರಿಗೂ ಅನಿಸಬಾರದು. ಅದಕ್ಕಾಗಿ ಈ ಪತ್ರ.

ಕಳೆದ ಮಳೆಗಾಲದಲ್ಲಿ ಒಂದು ಸಂಘದಲ್ಲಿ ಬೆಳಿಗ್ಗೆ ಆರೂವರೆಗೆ ಕರೆಂಟ್ ಹೋಯಿತು. ಜನರೇಟರ್ ಹಾಕಿದರು, ಕಂಪ್ಯೂಟರ್ ಮತ್ತೆ ಶುರುವಾಯಿತು. ಆದರೆ ತೂಕದ ಯಂತ್ರದ ಅಂಕಿ ಪರದೆಗೆ ಬರಲೇ ಇಲ್ಲ. ಕ್ಯಾನು ಹಿಡಿದವರ ಸಾಲು ರಸ್ತೆಯವರೆಗೆ ಬೆಳೆಯಿತು. ಕಾರ್ಯದರ್ಶಿಯವರು ಹಳೆಯ ರಿಜಿಸ್ಟರ್ ತೆಗೆದು ಕೈಯಲ್ಲೇ ಬರೆದುಕೊಂಡರು. ತಪ್ಪು ನಮ್ಮದು. ಆ ಆವೃತ್ತಿ ಕಳಿಸುವಾಗ ನಮ್ಮ ಲೆಕ್ಕ ಎಲ್ಲವೂ ಸರಿಯಿದೆ ಎಂದೇ ಹೇಳಿತ್ತು.

ನಾವು ನಂಬಿದ್ದು 1979ರಲ್ಲಿ ಗೋಯೆಲ್ ಮತ್ತು ಒಕುಮೊಟೊ ಎಂಬ ಸಂಶೋಧಕರು ರೂಪಿಸಿದ, ತಂತ್ರಾಂಶ ಎಷ್ಟು ನಂಬಿಕೆಗೆ ಅರ್ಹ ಎಂದು ಲೆಕ್ಕ ಹಾಕುವ ಮಾದರಿಯನ್ನು. ಪರೀಕ್ಷೆಯಲ್ಲಿ ಸಿಕ್ಕ ದೋಷಗಳನ್ನು ಕೂಡುತ್ತಾ ಹೋದರೆ ರೇಖೆ ಮೊದಲು ಕಡಿದಾಗಿ ಏರಿ, ಬರಬರುತ್ತಾ ಮಟ್ಟಸವಾಗುತ್ತದೆ. ಇನ್ನೆಷ್ಟು ದೋಷ ಉಳಿದಿರಬಹುದೆಂದು ಅದರಿಂದ ಅಂದಾಜಿಸುತ್ತಾರೆ. ಮಾದರಿ ಕೆಟ್ಟದ್ದಲ್ಲ. ಆದರೆ ಪರೀಕ್ಷೆ ನಿಜವಾದ ಬಳಕೆಯಂತೆಯೇ ಇದ್ದಾಗ ಮಾತ್ರ ಅದರ ಮಾತಿಗೆ ಬೆಲೆ. ನಮ್ಮ ಕಚೇರಿಯಲ್ಲಿ ಯುಪಿಎಸ್ ಇದೆ. ಪರೀಕ್ಷೆಯ ನಡುವೆ ಕಂಪ್ಯೂಟರ್ ಒಮ್ಮೆಯೂ ಆರಿದ್ದಿಲ್ಲ.

ಈಗ ನಿಜವಾದ ಬಳಕೆಯಲ್ಲಿ ಯಾವ ಕೆಲಸ ಎಷ್ಟು ಸಲ ಬರುತ್ತದೆಂದು ನೋಡಿ, ಅದರಂತೆಯೇ ಪರೀಕ್ಷಿಸಿ ಬಿಡುಗಡೆಯ ತೀರ್ಮಾನ ಮಾಡುತ್ತೇವೆ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ತಂತ್ರಾಂಶ ತಜ್ಞ ಜಾನ್ ಮೂಸಾ ಬಹಳ ಹಿಂದೆಯೇ ಒತ್ತಿ ಹೇಳಿದ್ದ ದಾರಿಯಿದು. ತೂಕ, ಫ್ಯಾಟ್, ಚೀಟಿ, ತಿದ್ದುಪಡಿ, ನಡುವೆ ಕರೆಂಟ್ ಹೋಗುವುದು, ಇವು ಯಾವುದರ ಹಿಂದೆ ಯಾವುದು ಎಷ್ಟು ಸಲ ಬರುತ್ತದೆಂದು ಸಂಘಗಳಲ್ಲಿ ಕುಳಿತು ಗುರುತು ಹಾಕಿಕೊಂಡಿದ್ದೇವೆ. ಯಂತ್ರಗಳನ್ನು ಜೋಡಿಸಿಟ್ಟು, ಅದೇ ಪ್ರಮಾಣದಲ್ಲಿ ನಮೂದು ಮಾಡುತ್ತಾ, ಆಗಾಗ ಪ್ಲಗ್ ಕಿತ್ತು ನೋಡುತ್ತೇವೆ.

ಒಂದೂ ತಪ್ಪಿಲ್ಲದೆ 3,000 ನಮೂದು ದಾಟಿದರೆ, ತಪ್ಪು ಸಾವಿರಕ್ಕೆ ಒಂದನ್ನು ಮೀರದು ಎಂದು ಶೇ 95ರಷ್ಟು ಭರವಸೆಯಿಂದ ಹೇಳಬಹುದು. ಹೊತ್ತಿಗೆ 150 ಮಂದಿಯಂತೆ ಎರಡು ಹೊತ್ತು ಹಾಲು ಹಾಕುವ ಸಂಘದಲ್ಲಿ ಸಾವಿರಕ್ಕೆ ಒಂದೆಂದರೆ ಮೂರು ನಾಲ್ಕು ದಿನಕ್ಕೊಂದು ರಗಳೆ. ಅದು ಸಾಲದು. ಆದ್ದರಿಂದ 30,000 ನಮೂದು ದಾಟಲೇಬೇಕೆಂದು ಇಟ್ಟುಕೊಂಡಿದ್ದೇವೆ. ನಡುವೆ ಒಂದು ದೋಷ ಸಿಕ್ಕರೂ ಅದನ್ನು ತಿದ್ದಿ ಮತ್ತೆ ಒಂದರಿಂದ ಎಣಿಕೆ. ಮೂರು ತಿಂಗಳು ಬೇಕಾಗುವುದು ಇದಕ್ಕೇ. ಹಳೆಯ ಮಾದರಿಯನ್ನು ಪೂರ್ತಿ ಬಿಟ್ಟಿಲ್ಲ. ತಿದ್ದುವ ಕೆಲಸ ಎಲ್ಲಿಗೆ ಬಂತೆಂದು ತಿಳಿಯಲು ನಮ್ಮೊಳಗೆ ಬಳಸುತ್ತೇವೆ.

ಇನ್ನು ಶೇ 99.9ರ ವಿಷಯ. ತಿಂಗಳಿಗೆ 43 ನಿಮಿಷ ನಿಂತರೂ ಆ ಮಾತಿಗೆ ಭಂಗವಿಲ್ಲ. ನಡುರಾತ್ರಿ ನಿಂತರೆ ನಿಮಗೆ ಗೊತ್ತೂ ಆಗದು. ಬೆಳಿಗ್ಗೆ ಆರೂವರೆಗೆ ನಿಂತರೆ, ಹಾಲು ತುಂಬುವ ಮೊದಲೇ ಗಾಡಿ ಬಂದು ಹಾರನ್ ಹೊಡೆಯುತ್ತದೆ. ಹಾಗಾಗಿ ಹಾಲು ಹಾಕುವ ಹೊತ್ತಿನಲ್ಲಿ ತಂತ್ರಾಂಶ ಎಷ್ಟು ಸಲ ನಿಂತಿತು, ಸರಿಯಾಗಲು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಪ್ರತಿ ತಿಂಗಳು ನಿಮ್ಮ ಸಂಘಕ್ಕೆ ಬರೆದು ತಿಳಿಸುತ್ತೇವೆ.

ಹಾಲಿನ ದರ ಬದಲಾದರೆ, ಬಟವಾಡೆಯಲ್ಲಿ ಹಣ ಹೆಚ್ಚುಕಡಿಮೆಯಾಗುವ ದೋಷ ಕಂಡರೆ ಮೂರು ತಿಂಗಳು ಕಾಯಿಸುವುದಿಲ್ಲ. ಅಂದೇ ಸಂಜೆಯ ಹಾಲು ಮುಗಿದ ಮೇಲೆ ಸರಿಪಡಿಸುತ್ತೇವೆ.

ನಿಮ್ಮಿಂದ ಒಂದು ಸಹಾಯ ಬೇಕು. ಕರೆಂಟ್ ಹೋಗಿ ಬಂದ ಮೇಲೆ ಅಂಕಿ ಬಾರದಿದ್ದರೆ, ಕೇಬಲ್ ಕಳಚುವ ಮೊದಲು ಪರದೆಯ ಫೋಟೋ ತೆಗೆದು ನಮಗೆ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿಗಳು,
ತಂತ್ರಾಂಶ ತಂಡ