ಬುದ್ಧವಚನದ ಜೊತೆಗೆ ಸುತ್ತದ ಹೆಸರನ್ನೂ ಸಂಖ್ಯೆಯನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ವೈಶಾಖ ಹುಣ್ಣಿಮೆ ಹತ್ತಿರ ಬಂದಂತೆ ಕನ್ನಡ ಪತ್ರಿಕೆಗಳಲ್ಲಿ ಬುದ್ಧನ ಕುರಿತ ಬರಹಗಳು ಬರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ವಾಕ್ಯ ‘ಆಸೆಯೇ ದುಃಖಕ್ಕೆ ಮೂಲ’. ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿರುವ ಈ ವಾಕ್ಯ ಯಾವ ಸುತ್ತದ್ದು (ಸುತ್ತ ಎಂದರೆ ಪಾಲಿ ಭಾಷೆಯಲ್ಲಿ ಉಳಿದಿರುವ ಬುದ್ಧನ ಉಪದೇಶದ ಪಾಠ), ಅಲ್ಲಿ ‘ಆಸೆ’ಯ ಜಾಗದಲ್ಲಿರುವ ಪಾಲಿ ಪದ ಯಾವುದು ಎಂದು ಹೇಳುವ ಬರಹ ಅಪರೂಪ. ಹೇಳದೆ ಬಿಟ್ಟಾಗ ಏನು ಕೈತಪ್ಪುತ್ತದೆ ಎಂಬುದನ್ನು ಸುತ್ತಗಳಿಂದಲೇ ತೋರಿಸಿ, ಪತ್ರಿಕೆಗಳ ಮುಂದೆ ಒಂದು ಕೋರಿಕೆ ಇಡಲು ಇದನ್ನು ಬರೆಯುತ್ತಿದ್ದೇನೆ.

ಇಸಿಪತನದಲ್ಲಿ, ಅಂದರೆ ಇಂದಿನ ಸಾರನಾಥದಲ್ಲಿ, ಐವರು ಭಿಕ್ಷುಗಳಿಗೆ ಕೊಟ್ಟ ಮೊದಲ ಉಪದೇಶ ಧಮ್ಮಚಕ್ಕಪ್ಪವತ್ತನ ಸುತ್ತ (ಸಂಯುತ್ತ ನಿಕಾಯ 56.11; ನಿಕಾಯ ಎಂದರೆ ಸುತ್ತಗಳ ಸಂಗ್ರಹ). ನಾಲ್ಕು ಆರ್ಯಸತ್ಯಗಳಲ್ಲಿ ಎರಡನೆಯದನ್ನು, ಅಂದರೆ ದುಃಖದ ಕಾರಣವನ್ನು, ಹೇಳುವಾಗ ಅಲ್ಲಿ ಬರುವ ಪದ ‘ತಣ್ಹಾ’, ಸಂಸ್ಕೃತದ ತೃಷ್ಣಾ. ಸುತ್ತ ಆ ಪದವನ್ನು ಒಂಟಿಯಾಗಿ ಬಿಡುವುದಿಲ್ಲ. ‘ಪೋನೊಬ್ಭವಿಕಾ ನಂದಿರಾಗಸಹಗತಾ ತತ್ರತತ್ರಾಭಿನಂದಿನೀ’ ಎಂದು ಮೂರು ವಿಶೇಷಣ ಕೊಡುತ್ತದೆ: ಮರಳಿ ಹುಟ್ಟಿಗೆ ಎಳೆಯುವಂಥದ್ದು, ನಲಿವು ಮತ್ತು ಅಂಟಿನೊಡನೆ ಕೂಡಿದ್ದು, ಸಿಕ್ಕಸಿಕ್ಕಲ್ಲಿ ಸುಖ ಕಾಣಹೊರಡುವಂಥದ್ದು. ಆಮೇಲೆ ಅದನ್ನು ಕಾಮತಣ್ಹಾ, ಭವತಣ್ಹಾ, ವಿಭವತಣ್ಹಾ ಎಂದು ಮೂರಾಗಿ ವಿಂಗಡಿಸುತ್ತದೆ. ಕನ್ನಡ ಓದುಗರು ಎಡವುವುದು ಮೂರನೆಯದರಲ್ಲಿ. ನಮಗೆ ‘ವಿಭವ’ ಎಂದರೆ ಸಿರಿ, ಸಂಪತ್ತು. ಹಾಗಾಗಿ ವಿಭವತಣ್ಹಾ ಎಂದರೆ ಹಣದಾಸೆ ಎಂದು ಓದಿಕೊಂಡುಬಿಡುತ್ತಾರೆ. ಇಲ್ಲಿ ಭವ ಎಂದರೆ ಇರುವಿಕೆ, ವಿಭವ ಎಂದರೆ ಇಲ್ಲವಾಗುವಿಕೆ. ತಾನು ಇಲ್ಲವಾಗಿಬಿಡಬೇಕು, ಎಲ್ಲ ಮುಗಿದುಹೋಗಬೇಕು ಎಂಬ ಹಂಬಲವೂ ದುಃಖವನ್ನೇ ಹುಟ್ಟಿಸುವ ತಣ್ಹೆ ಎಂದು ಬುದ್ಧ ಹೇಳುತ್ತಿದ್ದಾನೆ. ಬದುಕಿನ ಬಗ್ಗೆ ಜಿಗುಪ್ಸೆ ಕಲಿಸುವ ಧರ್ಮ ಎಂಬ ಆಪಾದನೆಗೆ ಮೊದಲ ಉಪದೇಶದಲ್ಲೇ ಉತ್ತರವಿದೆ. ಹಣದಾಸೆ ಎಂದು ಓದಿದವರಿಗೆ ಅದು ಸಿಗುವುದಿಲ್ಲ.

ಹಾಗಾದರೆ ಎಲ್ಲ ಬಯಕೆಯೂ ಬಿಡತಕ್ಕದ್ದೇ? ಅಷ್ಟಾಂಗ ಮಾರ್ಗದ ಆರನೆಯ ಅಂಗವಾದ ಸಮ್ಮಾವಾಯಾಮದ, ಅಂದರೆ ಸರಿಯಾದ ಪ್ರಯತ್ನದ, ವ್ಯಾಖ್ಯೆ ನೋಡಿ (ಸಂಯುತ್ತ 45.8). ‘ಛಂದಂ ಜನೇತಿ, ವಾಯಮತಿ, ವೀರಿಯಂ ಆರಭತಿ’ ಎಂದು ಅದು ಸಾಗುತ್ತದೆ. ಮೊದಲ ಕೆಲಸವೇ ಛಂದವನ್ನು, ಮಾಡಬೇಕೆಂಬ ಬಯಕೆಯನ್ನು, ಹುಟ್ಟಿಸಿಕೊಳ್ಳುವುದು. ಕೋಸಂಬಿಯ ಘೋಸಿತಾರಾಮದಲ್ಲಿ ಉಣ್ಣಾಭನೆಂಬ ಬ್ರಾಹ್ಮಣ ಇದೇ ತೊಡಕನ್ನು ಆನಂದನ ಮುಂದಿಟ್ಟ (ಸಂಯುತ್ತ 51.15): ಛಂದದಿಂದಲೇ ಛಂದವನ್ನು ಬಿಡುವುದಾದರೆ ಇದಕ್ಕೆ ಕೊನೆಯೆಲ್ಲಿ? ಆನಂದ ಮರುಪ್ರಶ್ನೆ ಹಾಕಿದ. ಈ ಆರಾಮಕ್ಕೆ (ಭಿಕ್ಷುಗಳ ವಿಹಾರಕ್ಕೆ) ಬರಬೇಕೆಂಬ ಛಂದ ನಿನಗೆ ಮೊದಲು ಇತ್ತಲ್ಲವೇ, ಬಂದು ಸೇರಿದ ಮೇಲೆ ಅದು ಅಡಗಿತಲ್ಲವೇ? ಗುರಿ ಮುಟ್ಟಿದಾಗ ತಾನಾಗಿ ಅಡಗುವ ಬಯಕೆಗೂ ಸಿಕ್ಕಷ್ಟೂ ಹೆಚ್ಚುವ ತಣ್ಹೆಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ತಿಳಿಯಾಗಿ ಹೇಳಿದ ಸುತ್ತ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಆದರೆ ‘ತಣ್ಹಾ ಕೆಟ್ಟದ್ದು, ಛಂದ ಒಳ್ಳೆಯದು’ ಎಂದು ಪಟ್ಟಿ ಮಾಡಿಟ್ಟುಕೊಂಡರೂ ತಪ್ಪಾಗುತ್ತದೆ. ಮಲ್ಲರ ನಾಡಿನ ಉರುವೇಲಕಪ್ಪದಲ್ಲಿ ಭದ್ರಕನೆಂಬ ಗ್ರಾಮಣಿಗೆ (ಊರ ಮುಖಂಡನಿಗೆ) ಬುದ್ಧ ಹೇಳಿದ ಮಾತು ‘ಛಂದೋ ಹಿ ಮೂಲಂ ದುಕ್ಖಸ್ಸ’ (ಸಂಯುತ್ತ 42.11). ನಮ್ಮ ಶಾಲೆಯ ವಾಕ್ಯಕ್ಕೆ ತೀರಾ ಹತ್ತಿರದ ಪಾಲಿ ವಾಕ್ಯ ಇದೇ. ಅದರ ಸಂದರ್ಭ ಹೀಗಿದೆ: ಈ ಊರಿನ ಯಾರಿಗಾದರೂ ಮರಣದಂಡನೆಯೋ ಸೆರೆಯೋ ಆದರೆ ನಿನಗೆ ದುಃಖವಾಗುವುದೇ ಎಂದು ಬುದ್ಧ ಕೇಳುತ್ತಾನೆ. ಕೆಲವರ ವಿಷಯದಲ್ಲಿ ಆಗುತ್ತದೆ, ಕೆಲವರ ವಿಷಯದಲ್ಲಿ ಇಲ್ಲ ಎನ್ನುತ್ತಾನೆ ಗ್ರಾಮಣಿ. ಯಾರ ಮೇಲೆ ‘ಛಂದರಾಗ’ ಇದೆಯೋ ಅವರ ವಿಷಯದಲ್ಲಿ ಮಾತ್ರ ದುಃಖ ಎಂದು ಅವನ ಬಾಯಿಂದಲೇ ಹೊರಡುತ್ತದೆ. ಇಲ್ಲಿ ಛಂದದ ಪಕ್ಕ ರಾಗ ಕೂತಿದೆ, ಸಮ್ಮಾವಾಯಾಮದಲ್ಲಿ ವೀರ್ಯ, ಅಂದರೆ ಪ್ರಯತ್ನಶಕ್ತಿ, ಕೂತಿದೆ. ಪಾಲಿ ಪದದ ಅರ್ಥ ತೀರ್ಮಾನಿಸಲು ನಿಘಂಟಿಗಿಂತ ಮೊದಲು ನೋಡಬೇಕಾದ್ದು ಆ ನೆರೆಹೊರೆ. ಅದರ ಜೊತೆಗಿರುವ ಪದಗಳು ಯಾವುವು, ಅದರ ವಿರುದ್ಧಪದ ಯಾವುದು, ಅದೇ ಧಾತುವಿನ ಕ್ರಿಯಾಪದ ವಾಕ್ಯದಲ್ಲಿ ಏನು ಮಾಡುತ್ತಿದೆ ಎಂದು ನೋಡಬೇಕು. ಸುತ್ತಪಿಟಕವೇ ವ್ಯಾಖ್ಯೆ ಕೊಟ್ಟಿರುವ ಸುತ್ತಗಳೂ ಇವೆ. ಪಟಿಚ್ಚಸಮುಪ್ಪಾದದ, ಅಂದರೆ ಒಂದರಿಂದ ಇನ್ನೊಂದು ಉಂಟಾಗುತ್ತ ದುಃಖಕ್ಕೆ ತಲುಪುವ ಸರಪಳಿಯ, ಹನ್ನೆರಡು ಕೊಂಡಿಗಳಿಗೆ ಸಂಯುತ್ತ 12.2, ಪಂಚಸ್ಕಂಧಗಳಿಗೆ (ಮನುಷ್ಯನೆಂದರೆ ರೂಪ, ವೇದನಾ, ಸಞ್ಞಾ, ಸಂಖಾರಾ, ವಿಞ್ಞಾಣ ಎಂಬ ಐದು ರಾಶಿಗಳು) 22.79, ಅಷ್ಟಾಂಗ ಮಾರ್ಗಕ್ಕೆ 45.8. ಈ ಮೂರನ್ನು ಪಕ್ಕದಲ್ಲಿಟ್ಟುಕೊಂಡರೆ ಅರ್ಧ ತೊಡಕು ನೀಗುತ್ತದೆ.

ಕನ್ನಡಿಗರಿಗೆ ಪಾಲಿ ಸುಲಭವೆನ್ನಿಸುವುದು ನಿಜ, ಧಮ್ಮ, ಕಮ್ಮ, ಫಸ್ಸ, ಝಾನ ಎಂದರೆ ಮೂಲ ಸಂಸ್ಕೃತ ರೂಪ ಥಟ್ಟನೆ ಹೊಳೆಯುತ್ತದೆ. ಅದೇ ಸಲುಗೆ ದಾರಿ ತಪ್ಪಿಸುತ್ತದೆ. ಅತಿ ಹೆಚ್ಚು ಹಾನಿ ಮಾಡಿರುವುದು ‘ವೇದನಾ’. ಕನ್ನಡದಲ್ಲಿ ವೇದನೆ ಎಂದರೆ ನೋವು. ಪಾಲಿಯಲ್ಲಿ ಇಂದ್ರಿಯ, ವಿಷಯ, ಅರಿವು ಮೂರೂ ಕೂಡಿದಾಗ ಉಂಟಾಗುವ ಅನುಭವದ ಹದ ಅದು: ಸುಖ, ದುಃಖ, ಎರಡೂ ಅಲ್ಲದ್ದು. ಪಟಿಚ್ಚಸಮುಪ್ಪಾದದ ‘ವೇದನಾಪಚ್ಚಯಾ ತಣ್ಹಾ’ (ವೇದನೆಯ ಕಾರಣದಿಂದ ತಣ್ಹೆ) ಎಂಬುದನ್ನು ‘ನೋವಿನಿಂದ ತೃಷ್ಣೆ’ ಎಂದು ಅನುವಾದಿಸಿದರೆ ಇಡೀ ಸರಪಳಿ ತಿರುವುಮುರುವಾಗುತ್ತದೆ, ಏಕೆಂದರೆ ತಣ್ಹೆಗೆ ಮುಖ್ಯ ಆಸರೆ ಸುಖವೇದನೆ. ಭಿಕ್ಷುಣಿ ಧಮ್ಮದಿನ್ನಾ ಉಪಾಸಕ ವಿಸಾಖನಿಗೆ ಕೊಟ್ಟ ಉತ್ತರಗಳಲ್ಲಿ (ಮಜ್ಝಿಮ ನಿಕಾಯ 44) ಇದು ಖಚಿತವಾಗಿದೆ. ಸುಖವೇದನೆಯ ಬೆನ್ನಿಗೆ ರಾಗದ ಅನುಸಯ (ಒಳಗೆ ಅಡಗಿರುವ ಒಲವು), ದುಃಖವೇದನೆಯ ಬೆನ್ನಿಗೆ ಪಟಿಘ ಅಂದರೆ ಸಿಡುಕು, ಎರಡೂ ಅಲ್ಲದ ವೇದನೆಯ ಬೆನ್ನಿಗೆ ಅವಿಜ್ಜೆ ಅಂದರೆ ಅವಿದ್ಯೆ. ಮೂರನೆಯದು ಸದ್ದಿಲ್ಲದೆ ಸಾಗುವುದರಿಂದ ಸಾಧಕರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಧ್ಯಾನದಲ್ಲಿ ವೇದನೆಗಳನ್ನು ಗಮನಿಸುವ ‘ವೇದನಾನುಪಸ್ಸನಾ’ ಎಂಬುದನ್ನು ಮೈಕೈ ನೋವನ್ನು ಗಮನಿಸುವುದು ಎಂದು ತಿಳಿದು ಕೂತವರು ಮೂರರಲ್ಲಿ ಒಂದನ್ನಷ್ಟೇ ನೋಡುತ್ತಾರೆ. ಸಲ್ಲತ್ಥ ಸುತ್ತದಲ್ಲಿ (ಸಂಯುತ್ತ 36.6) ಎರಡು ಬಾಣಗಳ ಹೋಲಿಕೆ (ಮೈಯ ನೋವು ಒಂದು ಬಾಣ, ಅದಕ್ಕೆ ಮನಸ್ಸು ಪಡುವ ಗೋಳು ಇನ್ನೊಂದು) ಬರುತ್ತದಲ್ಲ, ಅದನ್ನು ಉಲ್ಲೇಖಿಸುವವರು ಬಹಳ. ಅದರ ನಡುವಿನ ಸಾಲು ಮಾತ್ರ ಬಿಟ್ಟುಹೋಗುತ್ತದೆ: ನೋವು ತಾಗಿದ ಸಾಮಾನ್ಯ ಮನುಷ್ಯ ಕಾಮಸುಖದ ಕಡೆ ಓಡುತ್ತಾನೆ, ಯಾಕೆಂದರೆ ನೋವಿನಿಂದ ಪಾರಾಗಲು ಅವನಿಗೆ ಬೇರೆ ದಾರಿ ಗೊತ್ತಿಲ್ಲ. ದುಃಖವೇದನೆಯಿಂದ ಸುಖವೇದನೆಗೆ, ಅಲ್ಲಿಂದ ರಾಗಕ್ಕೆ ಮನಸ್ಸು ಜಾರುವುದನ್ನು ಈ ಸಾಲು ತೋರಿಸುತ್ತದೆ.

‘ಉಪೆಕ್ಖಾ’ ಇನ್ನೊಂದು. ನಮ್ಮಲ್ಲಿ ಉಪೇಕ್ಷೆ ಎಂದರೆ ಅಸಡ್ಡೆ. ಪಾಲಿಯಲ್ಲಿ ಅದು ಸಮಚಿತ್ತ: ನಾಲ್ಕನೆಯ ಝಾನದ (ಧ್ಯಾನದ ಹಂತದ) ಲಕ್ಷಣ, ಏಳು ಬೊಜ್ಝಂಗಗಳಲ್ಲಿ (ಬೋಧಿಯ ಅಂಗಗಳಲ್ಲಿ) ಕೊನೆಯದು, ಮೆತ್ತಾ (ಮೈತ್ರಿ), ಕರುಣಾ, ಮುದಿತಾ (ಪರರ ಸುಖಕ್ಕೆ ನಲಿವು), ಉಪೆಕ್ಖಾ ಎಂಬ ನಾಲ್ಕು ಬ್ರಹ್ಮವಿಹಾರಗಳಲ್ಲೂ ಕೊನೆಯದು. ಅಸಡ್ಡೆಯ ಉಪೆಕ್ಖೆಯೂ ಒಂದಿದೆಯೆಂದು ಸುತ್ತಗಳಿಗೆ ಗೊತ್ತಿತ್ತು. ಸಳಾಯತನವಿಭಂಗ ಸುತ್ತ (ಮಜ್ಝಿಮ 137) ಅದನ್ನು ‘ಗೇಹಸಿತ’ (ಮನೆವಾರ್ತೆಗೆ ಅಂಟಿದ್ದು) ಎಂದು ಬೇರೆ ಮಾಡಿ, ತಿಳಿಗೇಡಿಯ ಆ ಉಪೆಕ್ಖೆ ‘ರೂಪವನ್ನು ದಾಟಿ ಹೋಗುವುದಿಲ್ಲ’ ಎಂದು ತಳ್ಳಿಹಾಕುತ್ತದೆ. ಪ್ರಮಾದವೂ ಹಾಗೆಯೇ: ನಮಗೆ ಅದು ಘೋರ ತಪ್ಪು, ಪಾಲಿಯಲ್ಲಿ ಮೈಮರೆವು. ಮಹಾಪರಿನಿಬ್ಬಾನ ಸುತ್ತದಲ್ಲಿ (ದೀಘ ನಿಕಾಯ 16) ಬರುವ ಬುದ್ಧನ ಕೊನೆಯ ಮಾತಾದ ‘ಅಪ್ಪಮಾದೇನ ಸಂಪಾದೇಥ’ ಎಚ್ಚರದಿಂದ ಸಾಧಿಸಿ ಎಂದೇ ಹೊರತು ತಪ್ಪು ಮಾಡಬೇಡಿ ಎಂದಲ್ಲ. ‘ವಿಞ್ಞಾಣ’ವನ್ನು ವಿಜ್ಞಾನವೆಂದು ಬಿಡುವುದು ಎಲ್ಲರಿಗೂ ಕಾಣುವ ತಪ್ಪು, ಸಂಯುತ್ತ 22.79ರ ಪ್ರಕಾರ ಅದು ಹುಳಿ, ಕಹಿ, ಖಾರ, ಸಿಹಿ ಎಂದು ಅರಿಯುವಂಥದ್ದು. ಅದೇ ಸುತ್ತದಲ್ಲಿ ‘ಸಞ್ಞಾ’ ನೀಲಿ, ಹಳದಿ, ಕೆಂಪು, ಬಿಳಿ ಎಂದು ಗುರುತಿಸುವಂಥದ್ದು. ಸಂಜ್ಞಾ ಪದದ ತದ್ಭವವಾದ ನಮ್ಮ ‘ಸನ್ನೆ’ಯಲ್ಲಿ ಈ ಗುರುತಿನ ಅರ್ಥ ಇನ್ನೂ ಉಳಿದಿದೆ.

ಕರ್ಮದ ವಿಷಯದಲ್ಲಿ ಆಗುವ ತಪ್ಪಂತೂ ಜನರ ಬದುಕಿಗೇ ತಾಗುತ್ತದೆ. ಕಾಯಿಲೆ, ಬಡತನ, ಅಂಗವೈಕಲ್ಯ ಎಲ್ಲವೂ ಹಿಂದಿನ ಜನ್ಮದ ಕರ್ಮಫಲ ಎಂದು ಬುದ್ಧನೂ ಹೇಳಿದನೆಂಬಂತೆ ಬರೆಯುತ್ತಾರೆ. ‘ಚೇತನಾಹಂ ಭಿಕ್ಖವೇ ಕಮ್ಮಂ ವದಾಮಿ’ (ಅಂಗುತ್ತರ ನಿಕಾಯ 6.63) ಎಂಬಲ್ಲಿ ಚೇತನಾ ಎಂದರೆ ಸಂಕಲ್ಪ, ಉದ್ದೇಶಪೂರ್ವಕವಾಗಿ ಮಾಡುವುದು. ನಮ್ಮ ‘ಚೇತನ’ದ ಜೀವಶಕ್ತಿಯ ಅರ್ಥ ಅಲ್ಲಿಲ್ಲ. ರಾಜಗೃಹದ ವೇಳುವನದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ನೇರವಾಗಿಯೇ ಕೇಳಿದ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರಿಂದ ಎನ್ನುತ್ತಾರೆ ಕೆಲವರು, ತಾವೇನು ಹೇಳುತ್ತೀರಿ? ಬುದ್ಧ ಎಂಟು ಕಾರಣ ಎಣಿಸಿದ (ಸಂಯುತ್ತ 36.21). ಪಿತ್ತ, ಕಫ, ವಾತ, ಇವುಗಳ ಸನ್ನಿಪಾತ, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಕೊನೆಗೆ ಕರ್ಮವಿಪಾಕ. ಎಂಟರಲ್ಲಿ ಅದೊಂದು. ಎಲ್ಲವೂ ಪೂರ್ವಕರ್ಮದಿಂದ ಎನ್ನುವವರು ತಾವೇ ಕಂಡುಕೊಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಓಡುತ್ತಾರೆ, ಅದು ಅವರ ತಪ್ಪು ಎಂದು ಸುತ್ತ ಖಂಡತುಂಡವಾಗಿ ಹೇಳುತ್ತದೆ. ಕಾಯಿಲೆಯವರ ಮನೆಯಲ್ಲಿ ಕೂತು ಕರ್ಮದ ಮಾತಾಡುವವರು ಈ ಸುತ್ತವನ್ನು ಓದಲೇಬೇಕು.

ಕಾಲಾಮರೆಂಬ ಜನರಿಗೆ ಬುದ್ಧ ಹೇಳಿದ ಉಪದೇಶದ ಸ್ಥಿತಿ ಇನ್ನೂ ಶೋಚನೀಯ. ‘ನಿನ್ನ ಬುದ್ಧಿಗೆ, ತರ್ಕಕ್ಕೆ ಒಪ್ಪಿದರೆ ಮಾತ್ರ ನಂಬು’ ಎಂಬ ಮಾತನ್ನು ಬುದ್ಧನ ಚಿತ್ರದ ಕೆಳಗೆ ಅಚ್ಚು ಹಾಕುತ್ತಾರೆ. ಸುತ್ತ (ಅಂಗುತ್ತರ 3.65) ಹತ್ತು ಸಂಗತಿಗಳನ್ನು ಹೆಸರಿಸಿ ಇವುಗಳ ಆಧಾರದಿಂದಷ್ಟೇ ಒಪ್ಪಬೇಡಿ ಎನ್ನುತ್ತದೆ. ಕೇಳಿಬಂದದ್ದು, ಪರಂಪರೆ, ಗ್ರಂಥದಲ್ಲಿರುವುದು ಇವೆಲ್ಲ ಆ ಪಟ್ಟಿಯಲ್ಲಿವೆ, ನಿಜ. ಆದರೆ ‘ತಕ್ಕಹೇತು’ ಅಂದರೆ ತರ್ಕ, ‘ನಯಹೇತು’ ಅಂದರೆ ಅನುಮಾನ, ‘ದಿಟ್ಠಿನಿಜ್ಝಾನಕ್ಖಂತಿ’ ಅಂದರೆ ನಮ್ಮ ಅಭಿಪ್ರಾಯಕ್ಕೆ ಹೊಂದುತ್ತದೆಂಬ ಕಾರಣ, ಇವೂ ಅದೇ ಪಟ್ಟಿಯಲ್ಲಿವೆ! ‘ಈ ಸಮಣ (ಶ್ರಮಣ, ಸನ್ಯಾಸಿ) ನಮ್ಮ ಗುರು’ ಎಂಬುದು ಹತ್ತನೆಯದು. ಒರೆಗಲ್ಲು ಬೇರೆ ಇದೆ: ಇದು ಅಕುಸಲವೇ (ಕೆಟ್ಟದ್ದೇ), ದೋಷವುಳ್ಳದ್ದೇ, ತಿಳಿದವರು ಹಳಿಯುವಂಥದ್ದೇ, ಆಚರಿಸಿದರೆ ಅಹಿತಕ್ಕೆ ದುಃಖಕ್ಕೆ ಒಯ್ಯುತ್ತದೆಯೇ ಎಂದು ‘ನೀವೇ ಅರಿತಾಗ’ ಬಿಡಿ. ಲೋಭ, ದೋಸ (ದ್ವೇಷ), ಮೋಹಗಳಿಂದ ಜನ ಕೊಲ್ಲುವುದು, ಕದಿಯುವುದು, ಸುಳ್ಳು ಹೇಳುವುದನ್ನು ಉದಾಹರಿಸಿ, ಮೆತ್ತಾ, ಕರುಣಾ, ಮುದಿತಾ, ಉಪೆಕ್ಖೆಗಳ ತನಕ ಸುತ್ತ ಬೆಳೆಯುತ್ತದೆ. ಒಂದೇ ವಾಕ್ಯಕ್ಕೆ ಕತ್ತರಿಸಿದಾಗ ನಡತೆಯ ಈ ಭಾಗವೆಲ್ಲ ಹೋಗಿ, ‘ನನಗೆ ಸರಿ ಕಂಡದ್ದೇ ಸರಿ’ ಎಂಬುದಷ್ಟು ಉಳಿಯುತ್ತದೆ. ಸುತ್ತ ಬೇಡವೆಂದದ್ದು ಇದನ್ನೇ.

ಮೂಲವನ್ನು ನೋಡಬಯಸುವವರಿಗೆ ಒಂದೆರಡು ಸೂಚನೆ. ಪಾಲಿಗೆ ತನ್ನದೇ ಲಿಪಿಯಿಲ್ಲ. 1954ರಿಂದ 1956ರವರೆಗೆ ರಂಗೂನಿನಲ್ಲಿ ನಡೆದ ಛಟ್ಠಸಂಗಾಯನದ (ಆರನೆಯ ಬೌದ್ಧ ಮಹಾಸಭೆಯ) ಪಾಠ ಇಗತಪುರಿಯ ವಿಪಶ್ಯನಾ ಸಂಶೋಧನ ಸಂಸ್ಥೆಯ ಮೂಲಕ ಅಂತರ್ಜಾಲದಲ್ಲಿ ಕನ್ನಡ ಲಿಪಿಯಲ್ಲೂ ಸಿಗುತ್ತದೆ. ಅಲ್ಲಿ ಕಾಲಾಮ ಸುತ್ತವೆಂದು ಹುಡುಕಿದರೆ ಸಿಗದು. ಅದರ ಹೆಸರು ಕೇಸಮುತ್ತಿ ಸುತ್ತ, ಸಂಖ್ಯೆ 66. ಸಂಗ್ರಹದಿಂದ ಸಂಗ್ರಹಕ್ಕೆ ಎಣಿಕೆ ಹೀಗೆ ಒಂದೆರಡು ಹಿಂದೆಮುಂದೆ ಆಗುವುದರಿಂದ ಹೆಸರು, ಸಂಖ್ಯೆ ಎರಡನ್ನೂ ಬರೆಯಬೇಕು. ಸಾಲಿನ ನಡುವೆ ‘ಪೇ’ ಎಂಬ ಅಕ್ಷರ ಕಂಡರೆ ಅದು ‘ಪೆಯ್ಯಾಲ’ದ ಕಿರುರೂಪ, ಹಿಂದಿನ ಪಾಠವನ್ನೇ ಇಲ್ಲಿ ಮತ್ತೆ ಓದಿಕೊಳ್ಳಿ ಎಂದು ಅರ್ಥ. ಸ್ಕಂಧಗಳ ಕುರಿತ ಸುತ್ತಗಳ ಗುಚ್ಛವಾದ ಖಂಧಸಂಯುತ್ತದಲ್ಲಿ ಎಷ್ಟೋ ಕಡೆ ರೂಪದ ಬಗ್ಗೆ ಪೂರ್ತಿ ಬರೆದು, ವೇದನಾ, ಸಞ್ಞಾ, ಸಂಖಾರಾ, ವಿಞ್ಞಾಣಗಳಿಗೆ ‘ಪೇ’ ಹಾಕಿರುತ್ತಾರೆ. ಅದನ್ನು ಹಾರಿಸಿದವರು ದೇಹ ಮಾತ್ರ ಅನತ್ತ (ಆತ್ಮವಲ್ಲದ್ದು), ಮನಸ್ಸೋ ಅರಿವೋ ಆತ್ಮವಿರಬಹುದು ಎಂದುಕೊಳ್ಳುತ್ತಾರೆ. ಆದರೆ ಸಂಯುತ್ತ 12.61 ಹೇಳುವುದೇ ಬೇರೆ. ಆತ್ಮವೆಂದು ಹಿಡಿಯುವುದೇ ಆದರೆ ಚಿತ್ತಕ್ಕಿಂತ ದೇಹವನ್ನು ಹಿಡಿಯುವುದು ಮೇಲು, ದೇಹ ನೂರು ವರ್ಷವಾದರೂ ನಿಂತೀತು, ಚಿತ್ತವಾದರೋ ಹಗಲಿರುಳು ಒಂದು ಹುಟ್ಟಿ ಇನ್ನೊಂದು ಅಳಿಯುತ್ತಿರುತ್ತದೆ.

ಐದನೆಯ ಶತಮಾನದಲ್ಲಿ ಅನುರಾಧಪುರದಲ್ಲಿ ಬುದ್ಧಘೋಸ ಬರೆದ ಅಟ್ಠಕಥೆಗಳು (ಸುತ್ತಗಳ ಮೇಲಿನ ಟೀಕೆಗಳು) ಬಹಳ ಉಪಯುಕ್ತ. ಆದರೆ ಅವು ಬುದ್ಧನಿಂದ ಎಷ್ಟೋ ಶತಮಾನ ಈಚಿನವು. ಸುತ್ತದ ಮಾತು ಯಾವುದು, ಅಟ್ಠಕಥೆಯ ಮಾತು ಯಾವುದು ಎಂದು ಬರಹದಲ್ಲಿ ಬೇರೆ ಬೇರೆಯಾಗಿ ತೋರಿಸುವುದು ನ್ಯಾಯ.

ಕೋರಿಕೆ ಇಷ್ಟು: ಬುದ್ಧನ ಮಾತೆಂದು ಉದ್ಧರಣ ಚಿಹ್ನೆಯೊಳಗೆ ಹಾಕುವ ಪ್ರತಿ ವಾಕ್ಯದ ಮುಂದೆ ಸುತ್ತದ ಹೆಸರು ಮತ್ತು ಸಂಖ್ಯೆ ಇರಲಿ. ಅದನ್ನು ಕೊಡಲು ಲೇಖಕರಿಂದ ಆಗದಿದ್ದರೆ ಉದ್ಧರಣ ಚಿಹ್ನೆ ತೆಗೆದು, ಲೇಖಕರ ಮಾತಾಗಿಯೇ ಅಚ್ಚಾಗಲಿ. ಪಾಲಿ ಪದ ಬಂದಲ್ಲಿ ಕನ್ನಡದ ಸಮರೂಪ ಹಾಕಿ ಮುಂದೆ ಹೋಗದೆ, ಅರ್ಥವನ್ನು ಒಂದು ಸಾಲಿನಲ್ಲಿ ಬಿಡಿಸಿ ಬರೆಯಲು ಲೇಖಕರಿಗೆ ಹೇಳಿ. ಕರಡು ತಿದ್ದುವವರಿಗೂ ಒಂದು ಮಾತು: ಪಾಲಿಯ ಎಲ್ಲ ಅಕ್ಷರಗಳೂ ಕನ್ನಡ ಲಿಪಿಯಲ್ಲಿವೆ. ದಯವಿಟ್ಟು ‘ಞ್ಞ’ವನ್ನು ‘ಜ್ಞ’ ಎಂದು ತಿದ್ದಬೇಡಿ. ಒತ್ತಕ್ಷರದ ಹಿಂದಿನ ಎ, ಒ ಪಾಲಿಯಲ್ಲಿ ಹ್ರಸ್ವವಾಗಿ ಉಚ್ಚಾರವಾಗುವುದರಿಂದ ‘ಮೆತ್ತಾ’, ‘ಬೊಜ್ಝಂಗ’ ಎಂದೇ ಇರಲಿ.

ಇತಿ,
ಪಾಲಿ ಸುತ್ತಗಳ ಓದುಗ