ಅಕ್ಕನ ಮದುವೆಯ ಹೈ8 ಟೇಪನ್ನು ಕಂಪ್ಯೂಟರ್‌ಗೆ ಹಾಕಿಕೊಟ್ಟ ರೀತಿಯ ಬಗ್ಗೆ ದೂರು

ಇವರಿಗೆ,
ಮಾಲೀಕರು,
ವಿಡಿಯೋ ಟ್ರಾನ್ಸ್‌ಫರ್ ಅಂಗಡಿ, ಹಾಸನ

ಮಾನ್ಯರೇ,

ಫೋನ್ ಮಾಡಿದೆ. ವಾಟ್ಸಾಪ್ ಮಾಡಿದೆ. ಸಕಲೇಶಪುರದಿಂದ ಬಸ್ ಹತ್ತಿ ಬಂದೂ ಕೇಳಿದೆ. "ಓನರ್ ಇಲ್ಲ, ಆಮೇಲೆ ಬನ್ನಿ" ಅನ್ನುವ ಉತ್ತರ ಬಿಟ್ಟರೆ ಬೇರೇನೂ ಸಿಗಲಿಲ್ಲ. ಈಗ ನಿಮ್ಮಿಂದಲೇ ಮೆಸೇಜ್ ಬಂದಿದೆ: "ಕೆಲಸ ಮುಗಿದಿದೆ, ಬಾಕಿ ಹಣ ಕಟ್ಟಿ, ಇಲ್ಲದಿದ್ದರೆ ಉಳಿದ ಟೇಪುಗಳಿಗೆ ನಾವು ಜವಾಬ್ದಾರರಲ್ಲ." ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮದುವೆಯ ಹೈ8 ಟೇಪು, ಅಂದರೆ ಕ್ಯಾಮ್‌ಕಾರ್ಡರ್‌ಗೆ ಹಾಕುವ ಸಣ್ಣ ವಿಡಿಯೋ ಕ್ಯಾಸೆಟ್ಟು, 1997ರದ್ದು, 90 ನಿಮಿಷದ್ದು. ಅದರಲ್ಲಿ ನಮ್ಮಜ್ಜಿ ಸೋಬಾನೆ ಪದ ಹಾಡಿದ್ದಾರೆ. ಅವರ ದನಿ ಬೇರೆಲ್ಲೂ ಉಳಿದಿಲ್ಲ. ಕೊಡುವಾಗಲೇ ಇದನ್ನು ಹೇಳಿದ್ದೆ. ಟೇಪು ಓಡಿದಷ್ಟೂ ಸವೆಯುತ್ತದೆ, ಆದ್ದರಿಂದ ಒಂದೇ ಸಲಕ್ಕೆ ಸರಿಯಾಗಿ ಮಾಡಿ ಅಂತಲೂ ಕೇಳಿಕೊಂಡಿದ್ದೆ.

ನಿಮ್ಮ ಪೆನ್‌ಡ್ರೈವ್‌ನಲ್ಲಿ ಎಲ್ಲರೂ ಅಡ್ಡಡ್ಡ ಊದಿಕೊಂಡಿದ್ದಾರೆ. ಆಗಿನ ಕ್ಯಾಮ್‌ಕಾರ್ಡರ್ ಚಿತ್ರ 4:3, ಅಂದರೆ ಅಗಲ 4 ಪಾಲು, ಎತ್ತರ 3 ಪಾಲು. ಅದನ್ನು ಎಳೆದು ಈಗಿನ ಅಗಲ ಟಿವಿಯ 16:9ಕ್ಕೆ ತುಂಬಿದ್ದೀರಿ. ಅಗಲ ಮೂರನೇ ಒಂದು ಭಾಗ ಜಾಸ್ತಿ ಆಗಿದೆ. ನಮ್ಮ ದೇಶದ ಟೇಪು ಪಾಲ್ ಅನ್ನುವ ವಿಡಿಯೋ ಪದ್ಧತಿಯದು, ಅಂದರೆ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ). ನಿಮ್ಮ ಫೈಲ್‌ನಲ್ಲಿ 30 ಇದೆ. ಹಾಗಾಗಿ ಆರತಿ ಎತ್ತುವ ಕೈ ತಡೆದು ತಡೆದು ಓಡುತ್ತದೆ. ಅದು ಸಾಲದು ಅಂತ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು. ಮಧ್ಯೆ ಮಧ್ಯೆ ಫ್ರೇಮ್ ಬಿಟ್ಟುಹೋಗಿ ದನಿಗೂ ತುಟಿಗೂ ಹೊಂದಿಕೆಯಿಲ್ಲ. ಅಜ್ಜಿ ಬಾಯಿ ಮುಚ್ಚಿದ ಮೇಲೂ ಹಾಡು ಕೇಳುತ್ತಿರುತ್ತದೆ. ಇದನ್ನು ನೋಡಿ ಅಮ್ಮ ಎದ್ದು ಒಳಗೆ ಹೋದರು.

ಇದನ್ನೇ ನಿಮ್ಮ ಕೌಂಟರ್‌ನಲ್ಲಿ ಹೇಳಿದೆ. ನಿಮ್ಮ ಹುಡುಗ ಮೊಬೈಲ್‌ನಿಂದ ತಲೆ ಎತ್ತಲಿಲ್ಲ. "ಹಳೇ ಟೇಪು ಹಾಗೇ ಅಂಕಲ್" ಅಂದ. ಮನೆಯಲ್ಲಿ ಕ್ಯಾಮ್‌ಕಾರ್ಡರನ್ನೇ ಟಿವಿಗೆ ಸಿಕ್ಕಿಸಿ ನೋಡಿದ್ದೇನೆ, ಟೇಪು ಚೆನ್ನಾಗಿದೆ ಅಂದೆ. "ಹಂಗಾದ್ರೆ ಅದ್ರಲ್ಲೇ ನೋಡ್ಕೊಳ್ಳಿ" ಅಂದ. ಚಿತ್ರ ಎಳೆದಿದ್ದೀರಿ, ನಮ್ಮಜ್ಜಿ ಹೀಗಿರಲಿಲ್ಲ ಅಂದೆ. ಆಗ ತಲೆ ಎತ್ತಿದ. ಪೆನ್‌ಡ್ರೈವ್ ತೆಗೆದುಕೊಂಡು ಗೋಡೆಯ ದೊಡ್ಡ ಟಿವಿಗೆ ಹಾಕಿದ. ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋಗೆ ಬಂದವರು, ಆಲ್ಬಮ್ ನೋಡುತ್ತಿದ್ದ ಒಂದು ಸಂಸಾರ, ಎಲ್ಲರೂ ತಿರುಗಿದರು. ಅಜ್ಜಿಯ ಮುಖ ಬಂದಾಗ ನಿಲ್ಲಿಸಿ, "ದಪ್ಪ ಇದ್ರೇನೋ ಬಿಡಿ, ನಿಮಗೆ ಮರೆತು ಹೋಗಿರತ್ತೆ" ಅಂದ. ಯಾರೋ ನಕ್ಕರು. ಅವನೂ ನಕ್ಕ. ಚಿತ್ರ ಹಾಗೇ ನಿಂತಿತ್ತು. ಆಫ್ ಮಾಡಿ ಅಂತ ನಾನು ಎರಡನೇ ಸಲ ಕೇಳಬೇಕಾಯಿತು.

ನಮ್ಮಜ್ಜಿ ಕಡ್ಡಿಯಂತೆ ಇದ್ದರು. ಕಾಫಿ ಕುಯ್ದು ಸವೆದ ಮೈ. ಅವರನ್ನು ಹೀಗೆ ಊದಿಸಿ, ಪರರ ಮುಂದೆ ನಗೆಪಾಟಲು ಮಾಡಲು ನಾನು ದುಡ್ಡು ಕೊಡಲಿಲ್ಲ. ಪಾಲ್ ಅಂದರೇನು ಅಂತ ಗೊತ್ತಿಲ್ಲದವರಿಗೆ "ಹಳೆಯ ಟೇಪುಗಳ ತಜ್ಞರು" ಅನ್ನುವ ಬೋರ್ಡ್ ಯಾಕೆ ಬೇಕು?

ಕೆಲಸ ಸರಿಯಿಲ್ಲದಿದ್ದರೆ ಮತ್ತೆ ಮಾಡಿಕೊಡುವ, ಇಲ್ಲವೇ ಹಣ ವಾಪಸ್ ಕೊಡುವ ನಿಮ್ಮ ರಸೀದಿಯ ಹಿಂದಿನ 4ನೇ ಷರತ್ತು ನಿಮಗೆ ಗೊತ್ತೇ ಇದೆ. ಅದರ ಪ್ರಕಾರವೇ ನಡೆದುಕೊಳ್ಳಿ. ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಒಯ್ಯುವ ಎಸ್-ವಿಡಿಯೋ ವೈರ್‌ನಿಂದ, 720x576 ಚುಕ್ಕೆಗಳ ಅಳತೆಯಲ್ಲಿ, 25 ಫ್ರೇಮ್‌ಗೆ, 4:3 ಇದ್ದಂತೆಯೇ ಮತ್ತೆ ಮಾಡಿ. ಇಲ್ಲವೇ ಅಡ್ವಾನ್ಸ್ ವಾಪಸ್ ಕೊಡಿ. ಉಳಿದ ಟೇಪುಗಳು ಏನೇ ಆದರೂ ವಾಪಸ್ ಬರಬೇಕು, ಡಬ್ಬಿಯ ಸಮೇತ. ಕಳೆದ ಸಲ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಒಳ್ಳೆಯವುಗಳ ಜೊತೆ ಒಂದೇ ಕವರ್‌ಗೆ ತುರುಕಿದ್ದಿರಿ. ಮಲೆನಾಡಿನ ಮಳೆಯಲ್ಲಿ ಬೂಷ್ಟು ಎಷ್ಟು ಬೇಗ ಹರಡುತ್ತದೆ ಅಂತ ಹಾಸನದವರಿಗೆ ಹೇಳಿಕೊಡಬೇಕಾ?

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವೂ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಕ್ಯಾಮ್‌ಕಾರ್ಡರ್ ಹೊತ್ತುಕೊಂಡೇ ಬರುತ್ತೇನೆ. ಒಂದು ಕಡೆ ಟೇಪು, ಪಕ್ಕದಲ್ಲಿ ನಿಮ್ಮ ಪೆನ್‌ಡ್ರೈವ್. ನಿಮ್ಮ ಹುಡುಗನನ್ನೂ ಕರೆತನ್ನಿ. ಅಂಗಡಿಯಲ್ಲಿ ಆಡಿದ ಮಾತನ್ನು ಅಲ್ಲಿ ಎಲ್ಲರ ಮುಂದೆ ಇನ್ನೊಮ್ಮೆ ಆಡಲಿ.

ಇಂತಿ,
ನಿಮ್ಮ ಗ್ರಾಹಕ, ಸಕಲೇಶಪುರ