ಸ್ಪಿತಿಯಲ್ಲಿ ಜಾಗ ಬೇಕಾದಷ್ಟಿದೆ, ಹೊಲ ಇಲ್ಲ: ಲಾಹೌಲ್-ಸ್ಪಿತಿ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಈ ಪತ್ರದ ಹಿಂದಿ ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ಹಿಮಾಚಲ ಪ್ರದೇಶದ ನಿಮ್ಮ ಸ್ಪಿತಿ ಕಣಿವೆಗೆ ಬೈಕು, ಕಾರು ಹತ್ತಿ ಬರುವವರಲ್ಲಿ ನಮ್ಮವರೂ ಇದ್ದಾರಲ್ಲ, ಅವರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ.

ನಾನೂ ಬಂದಿದ್ದೆ. ಸ್ಪಿತಿಯ ಮುಖ್ಯ ಊರು ಕಾಜಾದ ಮೇಲಿನ ಒಂದು ಹಳ್ಳಿಯ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆ. ಪಾಯಿಖಾನೆ ಮಹಡಿಯಲ್ಲಿ. ನೆಲದಲ್ಲೊಂದು ಚೌಕದ ತೂತು, ಮೂಲೆಯಲ್ಲಿ ಒಣಮಣ್ಣಿನ ಗುಡ್ಡೆ, ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಎರಡು ಸಲಿಕೆ ಮಣ್ಣು ತಳ್ಳಿದರೆ ಆಯಿತು. ನೀರು ಸುರಿಯೋ ಹಾಗಿಲ್ಲ. ಮೊದಲ ದಿನ ಮುಜುಗರವಾಯಿತು, ಸುಳ್ಳು ಹೇಳಲ್ಲ. ಕೆಳಗಿನ ಕೋಣೆಯಲ್ಲಿ ಕೂಡಿದ್ದೆಲ್ಲ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ ಅಂತ ಆ ಮನೆಯ ಅಜ್ಜಿ ಹೇಳಿದರು. ಮರಗಳೇ ಅಪರೂಪವಾದ ಊರು. ಸಗಣಿ ಒಣಗಿಸಿ ಚಳಿಗಾಲದ ಒಲೆಗೆ ಇಟ್ಟುಕೊಳ್ಳಬೇಕು. ಮತ್ತೆ ಹೊಲಕ್ಕೇನು ಹಾಕುವುದು?

ಕಾಜಾ ಇರುವುದೇ ಸುಮಾರು 3,700 ಮೀಟರ್ ಎತ್ತರದಲ್ಲಿ. ಹಿಮಾಲಯ ಅಡ್ಡ ನಿಂತು ಮುಂಗಾರನ್ನು ತಡೆಯುವುದರಿಂದ ಮಳೆ ತೀರಾ ಕಮ್ಮಿ. ವರ್ಷಕ್ಕೆ ಒಂದೇ ಬೆಳೆ. ಸ್ಪಿತಿ ನದಿ ಕೆಳಗೆ ಎಷ್ಟು ಅಗಲ ಹರಿದರೂ ಮೇಲಿನ ಹೊಲಕ್ಕೆ ಹತ್ತುವುದಿಲ್ಲ. ಹಿಮ ಕರಗಿದ ತೊರೆಗಳಿಂದ ಜನರೇ ಕಡಿದು ತಂದ ಕುಹ್ಲ್ ಕಾಲುವೆಗಳೇ ಗತಿ. ಸರದಿ ಪ್ರಕಾರ ನೀರು. ಕುಹ್ಲ್ ಮುಟ್ಟಿದಲ್ಲಿ ಬಾರ್ಲಿ, ಬಟಾಣಿ. ಒಂದು ಹೆಜ್ಜೆ ಆಚೆ ಬರೀ ಕಲ್ಲುಪುಡಿ.

2011ರ ಜನಗಣತಿಯಲ್ಲಿ ನಿಮ್ಮ ಇಡೀ ಜಿಲ್ಲೆಗೆ 31,564 ಜನ. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಜಾಗಕ್ಕೇನು ಬರ ಅಂತ ನಮ್ಮಂಥವರಿಗೆ ಅನ್ನಿಸುತ್ತದೆ. ನೀರು ಹತ್ತುವ ಜಾಗಕ್ಕೇ ಬರ. ಹೊಲ ಚೂರಾಗಬಾರದು ಅಂತಲೇ ಅಲ್ವಾ, ಹಿಂದೆ ಹಿರಿಮಗನಿಗೆ ಜಮೀನು, ಕಿರಿಯರಿಗೆ ಬೌದ್ಧ ಮಠ ಅಂತ ಇದ್ದದ್ದು? ಕಿರಿಯರ ಪಾಲಿಗೆ ಅದು ನ್ಯಾಯ ಅಂತ ನಾನು ಹೇಳಲಾರೆ. ಆದರೆ ಹೊಲ ಉಳಿಯಿತು.

ಈಗ ಅಂಥ ಹೊಲದಲ್ಲೇ ರಸ್ತೆ ಪಕ್ಕ ಹೋಟೆಲು ಏಳುವುದನ್ನು ನೋಡಿದೆ. ವಾಪಸ್ ಬರುವಾಗ ನಾನು ತಂಗಿದ ಹೋಟೆಲಿನಲ್ಲಿ ಗೀಸರ್, ಫ್ಲಶ್ ಎಲ್ಲ ಇತ್ತು. ಬೆಳಿಗ್ಗೆ ಹೊರಗೆ ಟ್ಯಾಂಕರ್ ನಿಂತಿತ್ತು. ಒಂದು ಸಲ ಚೈನು ಎಳೆದರೆ ಹೊಲದ ನೀರೂ ಹೋಯಿತು, ಹೊಲದ ಗೊಬ್ಬರವೂ ಹೋಯಿತು. ಎಳೆದವನು ನಾನೇ.

ಹೋಟೆಲೇ ಬೇಡ ಅನ್ನುತ್ತಿಲ್ಲ. ಬಟಾಣಿ ಒಂದನ್ನೇ ನಂಬಿ ಮಕ್ಕಳನ್ನು ಓದಿಸುವುದು ಕಷ್ಟ. ಕಟ್ಟುವವರು ಕುಹ್ಲ್ ಮುಟ್ಟದ ಜಾಗದಲ್ಲಿ ಕಟ್ಟಲಿ. ಒಣ ಪಾಯಿಖಾನೆ ಇಟ್ಟ ಮನೆಗಳಿಗೆ ಹೋಂಸ್ಟೇ ನೋಂದಣಿಯಲ್ಲಿ ರಿಯಾಯಿತಿ ಕೊಡಿಸಿ. ನಿಮ್ಮದು ಸಂವಿಧಾನದ ಐದನೇ ಅನುಸೂಚಿಯಡಿ ಬರುವ ಬುಡಕಟ್ಟು ಪ್ರದೇಶ. ಸಣ್ಣ ಜಲಮೂಲಗಳ ಉಸ್ತುವಾರಿ ಪಂಚಾಯಿತಿಗೆ ಸೇರಬೇಕು ಎಂದು ಇಂಥ ಪ್ರದೇಶಗಳ ಪಂಚಾಯಿತಿಗಳಿಗೆಂದೇ ಇರುವ 1996ರ ಪೆಸಾ ಕಾಯ್ದೆಯೇ ಹೇಳುತ್ತದೆ. ಮುಂದಿನ ಬಿತ್ತನೆಗೆ ಮೊದಲು ಒಂದೊಂದು ಊರಲ್ಲೂ ಗ್ರಾಮಸಭೆ ಕರೆದು, ಯಾವ ಕುಹ್ಲ್ ಯಾವ ಹೊಲಕ್ಕೆ ಹೋಗುತ್ತದೆ ಅಂತ ನಕ್ಷೆ ಬರೆಸಿ. ಕಟ್ಟಡದ ಅರ್ಜಿ ಬಂದಾಗ ಆ ನಕ್ಷೆ ಮೇಜಿನ ಮೇಲಿರಲಿ.

ಇಂತಿ,
ಸಲಿಕೆ ಹಿಡಿಯಲು ಕಲಿತ ಒಬ್ಬ ಪ್ರವಾಸಿ